‘ಟ್ಯಾಲೆಂಟೆಡ್’ ಅಪಶಬ್ದವೆ?

ಇಂಗ್ಲಿಷ್ ಸಾಹಿತ್ಯದ ವಿಮರ್ಶಕರಲ್ಲಿ ಅಗ್ರಗಣ್ಯರಾದ ಇಬ್ಬರು ಒಂದು ಸಣ್ಣ ಪ್ರತ್ಯಯದ ಮೇಲೆ ದೋಷವನ್ನು ಆರೋಪಿಸಿರುವರು. ಗ್ರೇ ಕವಿಯು ವಸಂತವರ್ಣನೆಯಲ್ಲಿ ಜೇನುಳ್ಳ ಎಂಬರ್ಥದ ‘ಹನೀಡ್’ ಶಬ್ದವನ್ನು ಪ್ರಯೋಗಿಸಿದುದಕ್ಕಾಗಿ ಜಾನ್‌ಸನ್ ಪಂಡಿತನು, 1779ರಿಂದ 1781ರ ವರೆಗೆ ಪ್ರಕಟವಾದ ತನ್ನ ಕವಿಚರಿತ್ರೆಗಳಲ್ಲಿ, ಅಸಮಾಧಾನವನ್ನು ಸೂಚಿಸಿದನು. ನಾಮಪದಗಳಿಗೆ ಭೂತಕೃದಂತದ ಪ್ರತ್ಯಯವನ್ನು ಹಚ್ಚುವುದು ಸಲ್ಲದೆಂಬುದು ಅವನ ಆಕ್ಷೇಪ. 1832ರಲ್ಲಿ ಕೋಲ್‌ರಿಜ್ ಕವಿಯು ಇದೇ ಕಾರಣದಿಂದ ‘ಟ್ಯಾಲೆಂಟೆಡ್’ ಎಂಬ ಶಬ್ದವನ್ನು ಕಟುವಾಗಿ ಜರೆದನು. ಇದು ಸಾಧುವಾದರೆ ‘ಷಿಲ್ಲಿಂಗ್ಡ್’ ಎಂದೇಕೆ ಹೇಳಬಾರದೆಂಬುದು ಅವನ ಕುಚೋದ್ಯ.

ಮೇಲ್ನೋಟಕ್ಕೆ ವಾದವು ದೃಢವಾಗಿಯೇ ಇದೆ. ‘ಪೇಂಟ್’ ಎಂಬ ಧಾತುವಿನಿಂದ ‘ಪೇಂಟೆಡ್’ ಆಗುವುದು ಸರಿ. ‘ಟ್ಯಾಲೆಂಟ್’ ಧಾತುವೇ ಅಲ್ಲವಾದುದರಿಂದ ಕೃದಂತವೆಲ್ಲಿಂದ ಬಂದೀತು? ಆದರೆ ಒಂದೇ ಆಗಿ ಕೇಳಿಬರುವ ಈ ‘ಎಡ್’ ಎಂಬುದರಲ್ಲಿ ಎರಡು ಪ್ರತ್ಯಯಗಳು ಅಡಗಿವೆ. ಒಂದು, ಧಾತುವಿಗೆ ಹತ್ತುವ ಕೃತ್ತು. ಇನ್ನೊಂದು, ನಾಮಕ್ಕೆ ಹತ್ತಿ ‘ಅದನ್ನುಳ್ಳ’ ಎಂಬರ್ಥವನ್ನು ಕೊಡುವ ತದ್ಧಿತ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಎರಡನೆಯದಕ್ಕೆ ಕೊನೆಯಲ್ಲಿ ಎಕಾರವುಳ್ಳ ಬೇರೆ ರೂಪವೇ ಇದ್ದಿತು. ಆ ಸ್ವರವು ಸವೆದುಹೋಗಲು ಎರಡೂ ಬೆರೆತುವು. ಗಡ್ಡವುಳ್ಳ ಎಂಬರ್ಥದ ‘ಬಿಯರ್ಡೆಡ್’, ಕೊಂಬುಳ್ಳ ಎಂಬರ್ಥದ ‘ಹಾರ್ನ್ಡ್’ ಇವು ಕೋಲ್‌ರಿಜ್ಜನಿಗಿಂತ ಶತಮಾನಗಳಷ್ಟು ಹಳೆಯವು.

ಸಂಸ್ಕೃತ ವ್ಯಾಕರಣವನ್ನು ಬಲ್ಲ ವಾಚಕರಿಗೆ ಇದು ಹೊಸತಾಗಿ ತೋರದು. ‘ಲಿಖಿತ’ವು ಲಿಖ್ ಧಾತುವಿನ ಕೃದಂತ. ಅದರಂತೆಯೇ ಕಾಣುವ ‘ತಾರಕಿತ’ವಾದರೋ ‘ತಾರಕಾ’ ಎಂಬ ನಾಮದಿಂದ ಹುಟ್ಟಿದ ತದ್ಧಿತಾಂತ; ಪಾಣಿನಿಯು ಅದಕ್ಕಾಗಿ ‘ಇತಚ್’ ಪ್ರತ್ಯಯವನ್ನು ಪ್ರತ್ಯೇಕವಾಗಿ ವಿಧಿಸಿರುವನು. ತಾರೆಗಳು ಮೂಡಿದ ಆಕಾಶವು ತಾರಕಿತವಾಗುವುದಾದರೆ, ಡೇಸಿ ಹೂಗಳು ಅರಳಿದ ದಂಡೆಯು ‘ಡೇಸೀಡ್’ ಆಗಲು ಅಡ್ಡಿಯೇನು? ಜಾನ್‌ಸನ್ನನಿಗೆ ಆ ಶಬ್ದವೂ ಹಿಡಿಸಲಿಲ್ಲ.

ಕುಚೋದ್ಯಕ್ಕೂ ಸಮಾಧಾನವುಂಟು. ಪ್ರತ್ಯಯವು ವಿಹಿತವಾದ ಮಾತ್ರಕ್ಕೆ ಎಲ್ಲ ನಾಮಗಳಿಗೂ ಹತ್ತದು. ‘ಉಳ್ಳ’ ಎಂಬರ್ಥದ ಮತುಪ್ ಮೊದಲಾದುವು ಬಾಹುಳ್ಯ, ಪ್ರಶಂಸೆ, ನಿತ್ಯಯೋಗ ಮುಂತಾದ ವಿವಕ್ಷೆಯಿದ್ದಲ್ಲಿ ಬರುವುವೆಂದು ವೈಯಾಕರಣರು ಹೇಳುವರು. ರೂಪವಿಲ್ಲದವನಾರು? ಆದರೂ ಸುಂದರನಾದವನನ್ನು ಮಾತ್ರ ರೂಪವಂತನೆನ್ನುವೆವು. ಆಂಗ್ಲೇಯರೂ ಬರಿದೆ ‘ಐಡ್’ ಎನ್ನುವುದು ವಿರಳ. ‘ಬ್ಲೂ-ಐಡ್’ ಎಂದು ವಿಶೇಷವನ್ನು ಕೂಡಿಸಿಯೇ ಹೇಳುವರು. ಹಣವು ಹೇರಳವಾಗಿದ್ದವನು ‘ಮನೀಡ್’ ಎನ್ನಿಸಿಕೊಳ್ಳುವನು. ಬೆಳಗ್ಗೆ ಬಂದು ಸಂಜೆಗೆ ಹೋಗುವ ಒಂದು ಷಿಲ್ಲಿಂಗಿಗೆ ಆ ಯೋಗ್ಯತೆ ಬಾರದು. ಪ್ರತಿಭೆಯಾದರೋ ಮನುಷ್ಯನಲ್ಲಿ ನೆಲಸಿರುವ ಗುಣ.

ಖಂಡನೆಗೊಳಗಾದ ‘ಟ್ಯಾಲೆಂಟೆಡ್’ ಇಂದು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ರೂಢಿಯ ಬಲದಿಂದ ಅದು ಉಳಿಯಿತೆಂದಷ್ಟೇ ಹೇಳಿದರೆ ಸಾಲದು. ಶಾಸ್ತ್ರವೂ ಅದರ ಪಕ್ಷದಲ್ಲಿಯೇ ಇದ್ದಿತು. ಇಷ್ಟು ದೊಡ್ಡ ವಿದ್ವಾಂಸರೂ ರೂಪಸಾಮ್ಯದಿಂದ ಭ್ರಮಿಸಿದರೆಂಬುದನ್ನು ಕಂಡಮೇಲೆ, ಕವಿಯ ಹೊಸ ಪದವನ್ನು ಅಶುದ್ಧವೆಂದು ತಳ್ಳುವವರು ಮೊದಲು ಅದರ ಪ್ರಕೃತಿ ಯಾವುದು, ಪ್ರತ್ಯಯ ಯಾವುದು ಎಂಬುದನ್ನು ಬಿಡಿಸಿ ನೋಡುವುದು ಯುಕ್ತ.