ಸ್ಥಾವರ, ಜಂಗಮ ಮತ್ತು ಪೇಟೆಯ ಬೀದಿ

ವಚನಗಳ ಮಾತು ಜನರ ನಾಲಗೆಯ ಮೇಲೆ ನಲಿದಾಡುವುದು ಸಂತೋಷದ ಸಂಗತಿಯೇ ಸರಿ. ಆದರೆ ಬಹುಕಾಲ ಕೈಯಿಂದ ಕೈಗೆ ಸಾಗಿದ ನಾಣ್ಯದ ಮುದ್ರೆ ಸವೆಯುವಂತೆ, ಅತಿಬಳಕೆಯಿಂದ ಕೆಲವು ಮಾತುಗಳ ಅರ್ಥವೂ ಸವೆಯುವುದುಂಟು. ಸ್ಥಾವರ-ಜಂಗಮಗಳನ್ನು ಕುರಿತ ಬಸವಣ್ಣನವರ ಮಾತಿಗೆ ಇಂದು ಒದಗಿರುವ ಗತಿ ಇದು. ಊರ ನಡುವಿನ ಹಳೆಯ ಕಟ್ಟಡವೊಂದನ್ನು ಕೆಡವಿ ಆ ಸ್ಥಳದಲ್ಲಿ ವಾಣಿಜ್ಯ ಸಂಕೀರ್ಣವನ್ನು ಎಬ್ಬಿಸಬೇಕೆಂಬ ಪ್ರಸ್ತಾಪ ಬಂದಾಗಲೆಲ್ಲ, ಸ್ಥಾವರವೆಂದ ಮೇಲೆ ಅದು ಅಳಿಯತಕ್ಕದ್ದೇ, ಶರಣರೂ ಹಾಗೆಯೇ ಹೇಳಿದ್ದಾರೆ ಎಂಬ ಸಮಾಧಾನ ವಿದ್ಯಾವಂತರ ಬಾಯಿಂದಲೇ ಕೇಳಿಬರುತ್ತದೆ. ಈ ಸಮಾಧಾನವು ವಚನಕ್ಕೆ ಸಮ್ಮತವೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನವಾಗಿ ಮೈಸೂರು ನಗರದ ಹೃದಯಭಾಗದ ಎರಡು ಕಟ್ಟಡಗಳನ್ನು ಇಲ್ಲಿ ತೆಗೆದುಕೊಂಡಿದೆ.

ಒಂದು, ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡು ಶತಮಾನವನ್ನು ಕಂಡ ಈ ಮಾರುಕಟ್ಟೆಯಲ್ಲಿ 800ಕ್ಕೂ ಮಿಕ್ಕಿ ಮಳಿಗೆಗಳಿದ್ದವು. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಕುಂಕುಮ-ಅರಿಸಿನದ ರಾಶಿ ಇವುಗಳಿಂದ ತಲೆಮಾರುಗಳ ಕಾಲ ಮೈಸೂರಿನ ಮನೆಮನೆಯ ಪೂಜೆ-ಅಡುಗೆಗಳನ್ನು ನಡೆಸಿದ ತಾಣವಿದು. ಇನ್ನೊಂದು, ಅದಕ್ಕೆ ಅನತಿದೂರದಲ್ಲಿರುವ, ವೈಸರಾಯ್ ಲ್ಯಾನ್ಸ್‌ಡೌನ್ ಪ್ರಭುವಿನ ಭೇಟಿಯ ನೆನಪಿಗಾಗಿ 1892ರಲ್ಲಿ ನಿರ್ಮಿತವಾದ ಲ್ಯಾನ್ಸ್‌ಡೌನ್ ಕಟ್ಟಡ. ಅಲ್ಲಿನ ಪುಸ್ತಕದಂಗಡಿಗಳು ಮೈಸೂರಿನಲ್ಲಿ ಓದಿದ ಅನೇಕ ವಿದ್ಯಾರ್ಥಿಗಳಿಗೆ ಎರಡನೆಯ ಗ್ರಂಥಾಲಯದಂತಿದ್ದವು. 2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ್ವಾರ ಕುಸಿದುಬಿತ್ತು. ಅಂದಿನಿಂದ, ಇವನ್ನು ದುರಸ್ತಿಮಾಡಿ ಉಳಿಸಬಹುದೆಂದು ಇಂಟ್ಯಾಕ್ ಮೊದಲಾದ ಪರಂಪರೆ-ಸಂರಕ್ಷಕರೂ, ಕೆಡವಿ ಕಟ್ಟದೆ ಗತ್ಯಂತರವಿಲ್ಲವೆಂದು ಆಡಳಿತದವರೂ ವಾದಿಸುತ್ತ ಬಂದರು. 2023ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕೆಡವುವ ನಿರ್ಧಾರವನ್ನು ಪ್ರಶ್ನಿಸಿದ ಅರ್ಜಿಗಳನ್ನು ತಳ್ಳಿಹಾಕಿತು. ನ್ಯಾಯದ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ಈ ಚರ್ಚೆಯೊಳಗೆ ವಚನವನ್ನು ಎಳೆದು ತಂದಾಗ ಅದಕ್ಕೆ ಉತ್ತರ ಹೇಳಬೇಕಾದುದು ಮಾತ್ರ ಸಾಹಿತ್ಯದ ವಿದ್ಯಾರ್ಥಿಯ ಹೊಣೆ.

ಮೊದಲು ವಚನದ ರಚನೆಯನ್ನು ಗಮನಿಸೋಣ. ಸಿರಿಯುಳ್ಳವರು ಶಿವನಿಗೆ ಗುಡಿ ಕಟ್ಟಿಸುವುದನ್ನು ಹೇಳಿ, ಬಡವನಾದ ತಾನೇನು ಮಾಡಲಿ ಎಂಬ ಪ್ರಶ್ನೆಯನ್ನೆತ್ತಿ, ತನ್ನ ಶರೀರದ ಒಂದೊಂದು ಅವಯವವನ್ನೂ ಗುಡಿಯ ಒಂದೊಂದು ಅಂಗಕ್ಕೆ ಸರಿಗಟ್ಟಿ, ಕೊನೆಯಲ್ಲಿ ಸ್ಥಾವರ-ಜಂಗಮಗಳ ತಾರತಮ್ಯವನ್ನು ನಿರ್ಣಯಿಸುವ ಆ ವಚನ ಎಲ್ಲರಿಗೂ ಪರಿಚಿತವಾದುದು. 1973ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಅನುವಾದ ಸಂಕಲನದ ಪ್ರಸ್ತಾವನೆಯನ್ನು ಎ.ಕೆ. ರಾಮಾನುಜನ್ ಅವರು ಇದೇ ವಚನದ ವಿವೇಚನೆಯಿಂದ ತೊಡಗಿ, 'ಮಾಡುವುದು' ಮತ್ತು 'ಇರುವುದು' ಎಂಬೆರಡರ ನಡುವಣ ಅಂತರವನ್ನು ಅದರಲ್ಲಿ ಗುರುತಿಸಿದರು. ಸಿರಿವಂತ ಗುಡಿಯನ್ನು ಮಾಡುತ್ತಾನೆ, ಭಕ್ತ ತಾನೇ ಗುಡಿಯಾಗಿ ಇರುತ್ತಾನೆ. ಈ ಅರ್ಥವಿವರಣೆ ಮೌಲಿಕವಾದುದು. ಇದರೊಡನೆ ನಾವು ಇನ್ನೂ ಮೂರು ಅಂಶಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ವಾಕ್ಯದ ಸ್ವರೂಪಕ್ಕೆ ಸಂಬಂಧಿಸಿದುದು. ಸ್ಥಾವರಕ್ಕೆ ಅಳಿವು ಇದೆ ಎನ್ನುವುದು ಸ್ವರೂಪಕಥನವೇ ಹೊರತು ವಿಧಿವಾಕ್ಯವಲ್ಲ. ದೇಹಕ್ಕೆ ಮರಣವಿದೆ ಎಂದವನು ಕೊಲೆಗೆ ಅನುಮತಿ ಇತ್ತಂತಾಗುವುದಿಲ್ಲ. ಅಳಿಯುವಂಥದೆಂದು ತಿಳಿದ ಮೇಲೆ ಅದರ ಬಗ್ಗೆ ಮಮಕಾರ ಸಡಿಲವಾಗಬೇಕು, ಎಚ್ಚರ ಹೆಚ್ಚಬೇಕು. ಅಳಿವಿನ ಅರಿವಿಗೂ ಅಳಿಸುವ ಉತ್ಸಾಹಕ್ಕೂ ಯಾವ ನಂಟೂ ಇಲ್ಲ.

ಎರಡನೆಯದು ರೂಪಕಕ್ಕೆ ಸಂಬಂಧಿಸಿದುದು. ಬಸವಣ್ಣನವರು ಗುಡಿಯನ್ನು ನಿರಾಕರಿಸುವಾಗಲೂ ಗುಡಿಯ ಪರಿಭಾಷೆಯಲ್ಲಿಯೇ ಮಾತನಾಡುತ್ತಾರೆ. ಕಂಬವೆಂದರೇನು, ಕಳಸವೆಂದರೇನು ಎಂಬುದನ್ನು ಕಣ್ಣಾರೆ ಕಾಣದವನಿಗೆ ಆ ವಚನದ ಸೊಗಸು ತಿಳಿಯದು. ಕಲ್ಲಿನಲ್ಲಿ ಕಟ್ಟಿದ ಗುಡಿಯೊಂದು ಕಣ್ಣಮುಂದೆ ಇರುವುದರಿಂದಲೇ ಶರೀರವೆಂಬ ಗುಡಿಯ ಕಲ್ಪನೆ ಸಾಧ್ಯವಾಯಿತು. ಉಪಮಾನ ಅಳಿದ ಮೇಲೆ ಉಪಮೇಯ ಅನಾಥವಾಗುತ್ತದೆಂಬುದು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸತಲ್ಲ. ಅಕ್ಕಮಹಾದೇವಿಯವರು ಸಂತೆಯನ್ನೂ ಅದರ ಗದ್ದಲವನ್ನೂ ಬದುಕಿನ ಪಾಠಕ್ಕೆ ಒದಗಿಸಿಕೊಂಡ ವಚನವನ್ನು ಮುಂದಿನ ಪೀಳಿಗೆಯ ವಿದ್ಯಾರ್ಥಿಗೆ ಬೋಧಿಸುವಾಗ, ಅವನು ಕಂಡಿರುವುದು ತಂಪು ಮಾಡಿದ ಗಾಜಿನ ಮಳಿಗೆ ಮಾತ್ರವಾದರೆ, ಅಧ್ಯಾಪಕನ ಕಷ್ಟ ಎಂಥದೆಂದು ಊಹಿಸಬಹುದು.

ಮೂರನೆಯದೇ ಮುಖ್ಯವಾದುದು. ಆ ವಚನದ ಆರಂಭವು ಸ್ಥಾವರದಿಂದಲ್ಲ, ಸಿರಿವಂತರಿಂದ. ಯಾರು ಕಟ್ಟುತ್ತಾರೆ, ಯಾವ ಬಲದಿಂದ ಕಟ್ಟುತ್ತಾರೆ, ಅದರ ಮುಂದೆ ಬಡವನ ಸ್ಥಾನವೇನು ಎಂಬುದೇ ಅಲ್ಲಿನ ಮೂಲಪ್ರಶ್ನೆ. ಈ ಪ್ರಶ್ನೆಯನ್ನು ಇಂದಿನ ಪೇಟೆಯ ಬೀದಿಗೆ ತಂದರೆ ಉತ್ತರ ತಿರುಗುಮುರುಗಾಗುತ್ತದೆ. ಧನಬಲದಿಂದ ಮೇಲೇಳುವ ಸ್ಥಾವರ ಯಾವುದು? ಹೊಸದಾಗಿ ಬರಲಿರುವ ಬಹುಮಹಡಿಯ ಸಂಕೀರ್ಣ. ಬಡವನ ಶರೀರದಂತೆ ದುಡಿದು ಬಳಲಿ ನಿಂತಿರುವುದು ಯಾವುದು? ಹೂವಾಡಿಗರೂ ಎಲೆ ಮಾರುವವರೂ ಕುಳಿತು ಬಂದ ಹಳೆಯ ಮಾರುಕಟ್ಟೆ. ಹಳೆಯದನ್ನು ಕೆಡಹಲು ಈ ವಚನವನ್ನು ಆಧಾರವಾಗಿ ಹಿಡಿಯುವವರು ವಚನವನ್ನು ತಲೆಕೆಳಗಾಗಿ ಹಿಡಿದಿದ್ದಾರೆಂದು ಹೇಳದೆ ವಿಧಿಯಿಲ್ಲ.

ಹಾಗೆಂದು ಹಳೆಯದೆಲ್ಲವೂ ಹಳೆಯದೆಂಬ ಒಂದೇ ಕಾರಣದಿಂದ ಪೂಜ್ಯವೆಂದು ವಾದಿಸುವುದೂ ಸರಿಯಲ್ಲ. ಮೈಸೂರಿನ ಚರಿತ್ರೆಯೇ ಕೆಡಹುವುದರ ಹಾಗೂ ಕಟ್ಟುವುದರ ಚರಿತ್ರೆ. ಟಿಪ್ಪು ಸುಲ್ತಾನನು ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ ಆ ಕಲ್ಲುಗಳನ್ನು ನಜರಬಾದಿಗೆ ಸಾಗಿಸಿದನು. 1799ರ ತರುವಾಯ ಅವೇ ಕಲ್ಲುಗಳು ಮೈಸೂರಿಗೆ ಮರಳಿದವು. ಸಯ್ಯಾಜಿರಾವ್ ರಸ್ತೆಯೂ ಪೂರ್ಣಯ್ಯ ನಾಲೆಯನ್ನು ಮುಚ್ಚಿ ಆದುದು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಇಂದಿನ ಅರಮನೆ ಎದ್ದಿತು. ಪ್ಲೇಗಿನ ಹಾವಳಿಯ ತರುವಾಯ 1903ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಮಂಡಲಿಯು ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ನಿರ್ಮಿಸಿತು. ಇಂದು ನಾವು ಪರಂಪರೆಯೆಂದು ಕರೆಯುತ್ತಿರುವುದರ ಬಹುಭಾಗ ಒಂದಾನೊಂದು ಕಾಲದ ನವನಿರ್ಮಾಣವೇ.

ನೆರೆಯ ಶ್ರೀರಂಗಪಟ್ಟಣದ ನಿದರ್ಶನ ಇನ್ನೂ ಕಠೋರವಾದುದು. ಗೋವಿಂದವೈದ್ಯನು 17ನೆಯ ಶತಮಾನದ ತನ್ನ 'ಕಂಠೀರವ ನರಸರಾಜ ವಿಜಯ'ದಲ್ಲಿ ಆ ಪಟ್ಟಣದ ವೈಭವವನ್ನೂ ಮಹಾನವಮಿಯ ಸಂಭ್ರಮವನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಊರು 1799ರ ಯುದ್ಧದಲ್ಲಿ ನಾಶವನ್ನು ಕಂಡಿತು. ಟಿಪ್ಪುವಿನ ಲಾಲ್ ಮಹಲ್ ಅರಮನೆಯನ್ನು ಕಳಚಿ, ಅದರ ಮರದ ತೊಲೆಗಳನ್ನು ಊಟಿಯ ಸಂತ ಸ್ಟೀಫನ್ ಚರ್ಚಿನ ಕಟ್ಟೋಣಕ್ಕೆ ಒಯ್ದರು. ಕಾವ್ಯ ಉಳಿಯಿತು, ಊರು ಉಳಿಯಲಿಲ್ಲ. ಪ್ರಾಚೀನ ಕಾವ್ಯಗಳ ನಗರವರ್ಣನೆಯನ್ನು ಕೇವಲ ಕವಿಸಮಯವೆಂದು ತಳ್ಳಿಬಿಡುವ ವಿಮರ್ಶಕರು ಈ ಸಂಗತಿಯನ್ನು ನೆನೆಯಬೇಕು. ಕೋಟೆ, ಕಂದಕ, ಅಂಗಡಿಬೀದಿಗಳನ್ನು ಸಾಲಾಗಿ ಹೇಳುವಾಗ ಕವಿ ಸಂಪ್ರದಾಯವನ್ನು ಪಾಲಿಸುತ್ತಿದ್ದಾನೆ, ನಿಜ. ಜೊತೆಗೆ, ಅಳಿಯಲಿರುವುದಕ್ಕೆ ಸಾಕ್ಷಿಯನ್ನೂ ನುಡಿಯುತ್ತಿದ್ದಾನೆ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ವಯಸ್ಸು ಅಳತೆಗೋಲಲ್ಲವೆಂದಾದರೆ ಬೇರೊಂದು ಅಳತೆಗೋಲು ಬೇಕು. ಅದು ಶರಣಧರ್ಮದಲ್ಲಿಯೇ ಇದೆ. ಯಾವ ಸ್ಥಾವರದಲ್ಲಿ ಕಾಯಕ ನಡೆಯುತ್ತದೆಯೋ, ಯಾವುದು ನಾಲ್ಕು ಜನರಿಗೆ ನೆರಳೂ ಅನ್ನವೂ ಆಗಿದೆಯೋ, ಅದು ಜಂಗಮದ ಸೇವೆಯಲ್ಲಿರುವ ಸ್ಥಾವರ. ಸ್ಥಾವರ-ಜಂಗಮಗಳು ಎರಡು ಬಗೆಯ ವಸ್ತುಗಳ ಹೆಸರಲ್ಲ, ವಸ್ತುವಿನೊಡನೆ ನಾವಿಟ್ಟುಕೊಳ್ಳುವ ಎರಡು ಬಗೆಯ ಸಂಬಂಧಗಳ ಹೆಸರು. ಜನಸಂಚಾರದಿಂದ ಜೀವಂತವಾಗಿರುವ ಮಾರುಕಟ್ಟೆಯ ಮೊಗಸಾಲೆ ಜಂಗಮಕ್ಕೆ ಸಮೀಪವಾದುದು. ಕೀರ್ತಿಗಾಗಿಯೋ ಬಾಡಿಗೆಗಾಗಿಯೋ ನಿಂತು, ಒಳಗೆ ಕಾಯಕವಿಲ್ಲದ ಗೋಪುರ ನಿನ್ನೆ ಕಟ್ಟಿದ್ದಾದರೂ ಸ್ಥಾವರವೇ.

ಆಯ್ದಕ್ಕಿ ಮಾರಯ್ಯನವರ ಕಥೆ ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದರು. ಈ ಹೆಚ್ಚಿನದು ಯಾರಿಗಾಗಿ ಎಂಬ ಆ ತಾಯಿಯ ಪ್ರಶ್ನೆಯನ್ನು ನಮ್ಮ ಪೇಟೆಗಳ ನವನಿರ್ಮಾಣಕ್ಕೂ ಕೇಳಬೇಕಾಗಿದೆ. ಇಂದು ನೆಲದ ಬೆಲೆಯನ್ನು ಚದರಡಿಯ ಲೆಕ್ಕದಲ್ಲಿ ಎಣಿಸುತ್ತಾರೆ. ಈ ಲೆಕ್ಕದಲ್ಲಿ ಒಂದು ಮಹಡಿಯ ಮಾರುಕಟ್ಟೆ ಬರಿಯ ನಷ್ಟ. ಮಹಡಿಗಳು ಏರಿದಂತೆ ಮುಂಗಡದ ಹಣವೂ ಬಾಡಿಗೆಯೂ ಏರುತ್ತವೆ. ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ಹೂವಾಡಿಗಿತ್ತಿ ಆ ಲೆಕ್ಕದಿಂದ ಹೊರಗೆ ಬೀಳುತ್ತಾಳೆ. ಅವಳ ಕಾಯಕಕ್ಕೆ ಎಡೆಯಿಲ್ಲದ ಕಟ್ಟಡವನ್ನು ಅಭಿವೃದ್ಧಿಯೆಂದು ಕರೆಯುವುದಾದರೆ, ಅದು ಯಾರ ಅಭಿವೃದ್ಧಿ?

ಈ ಅಳತೆಗೋಲು ಸಂರಕ್ಷಣಾವಾದಿಗಳನ್ನೂ ಪರೀಕ್ಷೆಗೆ ಒಡ್ಡುತ್ತದೆ. 2012ರಲ್ಲಿ ಮಡಿದ ನಾಲ್ವರ ಪ್ರಾಣಕ್ಕಿಂತ ಕಮಾನುಗಳ ಅಂದ ಹೆಚ್ಚಿನದಲ್ಲ. ಸೋರುವ ಮಾಳಿಗೆಯ ಕೆಳಗೆ ಜನರನ್ನು ಕೂರಿಸಿ ಪರಂಪರೆಯನ್ನು ಕೊಂಡಾಡುವುದು ನಿರ್ದಯ. ಆದರೆ ಕಟ್ಟಡ ಒಂದೇ ದಿನದಲ್ಲಿ ಶಿಥಿಲವಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಗಾರೆಯ ಗೋಡೆಗೆ ನೀರೇ ವೈರಿ. ಹೆಂಚು ಜರುಗಿದಾಗ ಸರಿಪಡಿಸದೆ, ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿಯನ್ನು ಕೀಳದೆ, ನೀರು ಹರಿಯುವ ದಾರಿಯನ್ನು ತೆರವುಗೊಳಿಸದೆ ವರ್ಷಾನುಗಟ್ಟಲೆ ಬಿಟ್ಟು, ಕೊನೆಗೊಂದು ದಿನ ಬೀಳುವಂತಾಗಿದೆಯೆಂದು ಘೋಷಿಸುವುದು ಅನೇಕ ಊರುಗಳಲ್ಲಿ ಕಂಡುಬರುವ ಕ್ರಮ. ಆಗ ಕೆಡಹುವ ನಿರ್ಧಾರವು ಹಾರೆ ಎತ್ತಿದ ದಿನ ಆದುದಲ್ಲ, ದುರಸ್ತಿಯನ್ನು ಮುಂದೂಡಿದ ಮೊದಲ ದಿನವೇ ಆದುದು.

ಅದೇ ಮಾದರಿಯಲ್ಲಿ ಮತ್ತೆ ಕಟ್ಟಿಕೊಡುತ್ತೇವೆಂಬ ಭರವಸೆಯೂ ವಿಚಾರಾರ್ಹ. ಹಳೆಯ ಮುಖವನ್ನು ಹೊಸ ಕಾಂಕ್ರೀಟಿಗೆ ಅಂಟಿಸಿದ ಮಾತ್ರಕ್ಕೆ ಪರಂಪರೆ ಮರಳುವುದಿಲ್ಲ. ಹಳೆಯ ವ್ಯಾಪಾರಿಗಳೂ, ಅವರಿಗೂ ಗಿರಾಕಿಗಳಿಗೂ ನಡುವಿನ ತಲೆಮಾರುಗಳ ನಂಬಿಕೆಯೂ, ಅವರು ಕೊಡಬಲ್ಲ ಬಾಡಿಗೆಯೂ ಮರಳಿದರೆ ಹೊಸ ಗೋಡೆಯೊಳಗೂ ಜಂಗಮ ನೆಲೆಸಬಲ್ಲದು. ಅವು ಮರಳದಿದ್ದರೆ ಉಳಿಯುವುದು ವೇಷ ಮಾತ್ರ. ವೇಷವನ್ನು ಶರಣರು ಎಂದೂ ಮನ್ನಿಸಿದವರಲ್ಲ.

ಮನಸ್ಸಿದ್ದರೆ ಹಳೆಯದನ್ನು ದುಡಿಸುತ್ತಲೇ ಉಳಿಸಬಹುದೆಂಬುದಕ್ಕೆ ಬೆಂಗಳೂರಿನ ಅಠಾರಾ ಕಚೇರಿ ನಿದರ್ಶನ. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಕಟ್ಟಡವನ್ನು ಕೆಡಹುವ ಯತ್ನ 1980ರ ದಶಕದಲ್ಲಿ ನಡೆಯಿತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕು ಅದನ್ನು ತಡೆದರು. ಅದು ಪ್ರದರ್ಶನದ ವಸ್ತುವಾಗಿ ಉಳಿಯದೆ, ಉಚ್ಚ ನ್ಯಾಯಾಲಯದ ಕಾಯಕಭೂಮಿಯಾಗಿಯೇ ಉಳಿಯಿತು.

ಕಲ್ಯಾಣದ ಮಹಾಮನೆ ಉಳಿಯಲಿಲ್ಲ, ವಚನಗಳು ಉಳಿದವು. ಆದ್ದರಿಂದ ಕಟ್ಟಡಗಳ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ವಚನಗಳು ಉಳಿದುದಾದರೂ ಎಲ್ಲಿ? ಗಾಳಿಯಲ್ಲಿ ಅಲ್ಲ. ತಾಳೆಗರಿಯ ಕಟ್ಟುಗಳಾಗಿ, ಮಠಗಳ ಹಾಗೂ ಭಕ್ತರ ಮನೆಗಳ ಅಟ್ಟದ ಮೇಲೆ, ಮಾಡದ ಗೂಡಿನಲ್ಲಿ, ಮರದ ಪೆಟ್ಟಿಗೆಯಲ್ಲಿ. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಅರಸಿ ತಂದುದರಿಂದ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. 1926ರಿಂದ 'ಶಿವಾನುಭವ' ಪತ್ರಿಕೆ ಹೊರಬಂದಿತು. ಹಳಕಟ್ಟಿಯವರು ಹೋಗುವುದಕ್ಕೆ ಮೊದಲೇ ಆ ಮಣ್ಣಿನ ಮಾಳಿಗೆಗಳನ್ನು ಕೆಡವಿ ಅಟ್ಟದ ಕಸವನ್ನು ಒಲೆಗೆ ಹಾಕಿದ್ದರೆ, ಇಂದು ನಾವು ಯಾವ ವಚನವನ್ನು ಹಿಡಿದು ಚರ್ಚಿಸುತ್ತಿದ್ದೆವು? ಜಂಗಮವನ್ನು ಶತಮಾನಗಳ ಕಾಲ ಕಾಪಾಡಿದುದು ಅಳಿವುಳ್ಳ ಸ್ಥಾವರವೇ.

ಈ ಮಾತು ಮೈಸೂರಿನ ನಗರಪಾಲಿಕೆಗೆ ಮಾತ್ರ ಸಲ್ಲುವಂಥದಲ್ಲ, ನಮಗೂ ಸಲ್ಲುತ್ತದೆ. ನಾಡಿನ ಅನೇಕ ಮಠಗಳಲ್ಲಿ ಕೆತ್ತನೆಯ ಕಂಬಗಳ ಪಡಸಾಲೆಗಳನ್ನು ಕಿತ್ತು ಕಲ್ಯಾಣಮಂಟಪಗಳನ್ನೂ ಮಳಿಗೆಗಳನ್ನೂ ಕಟ್ಟಿಸುವುದು ವಾಡಿಕೆಯಾಗಿದೆ. ವಿದ್ಯಾರ್ಥಿ ನಿಲಯವೋ ದಾಸೋಹದ ಮನೆಯೋ ಬೇಕಾದಲ್ಲಿ ಹೊಸದನ್ನು ಕಟ್ಟುವುದು ಕರ್ತವ್ಯ. ಆದರೆ ಅನ್ನ-ಅರಿವುಗಳೆರಡನ್ನೂ ನೀಡಿದ ಹಳೆಯ ಪಡಸಾಲೆಯನ್ನು ಬಾಡಿಗೆಯ ಆಸೆಗಾಗಿ ಕೆಡವಿ, ಕೇಳಿದವರಿಗೆ ಸ್ಥಾವರದ ಅಳಿವನ್ನು ಕುರಿತು ಪ್ರವಚನ ಮಾಡುವುದು ಬಸವಣ್ಣನವರಿಗೆ ಮಾಡುವ ಅಪಚಾರ. ಕೆಡಹುವುದಕ್ಕೆ ಮೊದಲು ಅಟ್ಟವನ್ನು ಹುಡುಕಬೇಕು. ಗೋಡೆಬರಹಗಳನ್ನೂ ಶಾಸನಗಳನ್ನೂ ಪ್ರತಿಮಾಡಿಸಬೇಕು. ದುರಸ್ತಿ ಸಾಧ್ಯವೇ ಎಂದು ಗಾರೆಯ ಕೆಲಸ ಬಲ್ಲವರನ್ನು ಕೇಳಬೇಕು. ಅಲ್ಲಿ ಕಾಯಕ ಮಾಡುವವರು ನಾಳೆ ಎಲ್ಲಿಗೆ ಹೋಗುತ್ತಾರೆಂಬುದನ್ನು ಎಲ್ಲಕ್ಕಿಂತ ಮೊದಲು ವಿಚಾರಿಸಬೇಕು. ಇಷ್ಟನ್ನೂ ಮಾಡಿದ ಮೇಲೆ ಕೆಡಹಲೇಬೇಕಾದುದನ್ನು ಕೆಡಹಿದರೆ, ಅದಕ್ಕೆ ವಚನದ ಆಸರೆ ಬೇಕಾಗುವುದೂ ಇಲ್ಲ.