ಸದ್ದು ಆಮೇಲೆ, ಮೊದಲು ಮೋಟಾರು

ಮಾದರಿ ರೈಲಿನ ಹುಚ್ಚು ಹೊಸದಾಗಿ ಹತ್ತಿದವರು ‘ಎಂಜಿನ್ನಿಗೆ ಯಾವ ಡಿಕೋಡರ್ ಹಾಕಲಿ’ ಎಂದು ಕೇಳಿದರೆ ಪಳಗಿದವರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ: ‘ಹೇಗೂ ದುಡ್ಡು ಹಾಕ್ತಿದ್ದೀರಿ, ಸೌಂಡ್ ಇರೋದನ್ನೇ ತಗೊಂಡುಬಿಡಿ.’ ಅಂಗಡಿಯವರೂ ಹೂಂಗುಡುತ್ತಾರೆ. ಗುಡದೆ ಏನು ಮಾಡಿಯಾರು, ಸದ್ದು ಮಾಡುವ ಡಿಕೋಡರಿನ ಬೆಲೆ ಸಾದಾ ಡಿಕೋಡರಿನ ಎರಡು ಪಟ್ಟಿಗೂ ಮೇಲೆ! ಈ ಸಲಹೆ ತಲೆಕೆಳಗಾಗಿದೆ ಎಂಬುದು ನನ್ನ ತಕರಾರು.

ಹಳೆಯ ಪದ್ಧತಿಯಲ್ಲಿ ಹಳಿಯ ವೋಲ್ಟೇಜನ್ನೇ ಏರಿಸಿ ಇಳಿಸಿ ಎಂಜಿನ್ ಓಡಿಸುತ್ತಿದ್ದರು. ಒಂದು ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೇ ಹೊರಡುತ್ತಿದ್ದವು. ಜರ್ಮನಿಯ ಲೆನ್ಜ್ ಕಂಪನಿಯ ಕೆಲಸದ ಮೇಲೆ ನಿಂತು, ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ನಿಯಮಕ್ಕೆ ತಂದ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ. ಅಪ್ಪಣೆಯೂ ಅದರಲ್ಲೇ ಬರುತ್ತದೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ‘ಒಂದು’, ಸುಮಾರು 100 ದಾಟಿದರೆ ‘ಸೊನ್ನೆ’. ತನ್ನ ನಂಬರಿಗೆ ಬಂದ ಅಪ್ಪಣೆಯನ್ನು ಮಾತ್ರ ಹಿಡಿದು, ಮೋಟಾರಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಉಣಿಸುವುದು ಡಿಕೋಡರಿನ ಕಸುಬು. ಉಳಿದದ್ದೆಲ್ಲ ಅಲಂಕಾರ.

ಹಾಗಾಗಿ ಮೊದಲು ಪರೀಕ್ಷಿಸಬೇಕಾದ್ದು ಮೋಟಾರನ್ನು. ‘ಎಂಟು ಪಿನ್ನಿನ ಸಾಕೆಟ್ ಇದೆ, ಎಂಟು ಪಿನ್ನಿನ ಡಿಕೋಡರ್ ಕೂರುತ್ತದೆ, ಮುಗಿಯಿತು’ ಎನ್ನುವವರಿದ್ದಾರೆ. ಸಾಕೆಟ್ ಹೇಳುವುದು ಆಕಾರವನ್ನಷ್ಟೇ, ಮೋಟಾರಿನ ಹಸಿವನ್ನಲ್ಲ. ಅದನ್ನು ತಿಳಿಯಲು ಆಮ್‌ಮೀಟರ್ ಬೇಕು. ಡಿಕೋಡರ್ ಹಾಕುವ ಮುನ್ನ ಎಂಜಿನ್ನಿಗೆ ಸಾದಾ 12 ವೋಲ್ಟ್ ಡಿಸಿ ಕೊಡಿ, ಸಾಲಿನಲ್ಲಿ ಮೀಟರ್ ಇಡಿ, ಚಕ್ರ ನಿಲ್ಲುವವರೆಗೆ ಎಂಜಿನ್ನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಒಂದೆರಡು ಸೆಕೆಂಡು ಸಾಕು, ಹೆಚ್ಚಾದರೆ ಮೋಟಾರೇ ಸುಟ್ಟೀತು. ಆಗ ಕಂಡ ಅಂಕಿಗಿಂತ ಹೆಚ್ಚು ತಾಳುವ ಡಿಕೋಡರ್ ನಿಮ್ಮದು. ಈಚಿನ ಎಚ್ಒ ಅಳತೆಯ ಮಾದರಿ ಎಂಜಿನ್ನುಗಳಿಗೆ ಒಂದು ಆಂಪಿಯರಿನದು ಸಾಮಾನ್ಯವಾಗಿ ಸಾಕು. ಹಳೆಯ ಓಪನ್ ಫ್ರೇಮ್ ಮೋಟಾರುಗಳು ಅದನ್ನು ಸಲೀಸಾಗಿ ದಾಟುತ್ತವೆ. ಹಳೆಯವುಗಳಲ್ಲಿ ಇನ್ನೊಂದು ಕಂಟಕವಿದೆ: ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೇ ತಾಗಿರುತ್ತದೆ. ಕೆಂಪು, ಕಪ್ಪು ವೈರುಗಳು ಹಳಿಯವು, ಕಿತ್ತಳೆ ಮತ್ತು ಬೂದು ಬಣ್ಣದವು ಮೋಟಾರಿನವು. ಚಾಸಿಯ ಮೂಲಕ ಇವೆರಡು ಜೋಡಿ ಒಂದನ್ನೊಂದು ಮುಟ್ಟಿದರೆ ಡಿಕೋಡರ್ ಸುಟ್ಟ ವಾಸನೆ ಬರಲು ತಡವಾಗದು. ಅದು ಸದ್ದಿನ ಡಿಕೋಡರ್ ಆಗಿದ್ದರಂತೂ ಎರಡರಷ್ಟು ದುಡ್ಡಿಗೆ ಎಳ್ಳುನೀರು.

ಎರಡನೆಯದು ನಿಧಾನಗತಿ. ಒಳ್ಳೆಯ ಡಿಕೋಡರ್ ಮೋಟಾರಿನ ವಿದ್ಯುತ್ತನ್ನು ಕ್ಷಣಮಾತ್ರ ತಡೆದು, ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆಯುತ್ತದೆ. ವೇಗ ಕುಗ್ಗಿದ್ದರೆ ಇನ್ನಷ್ಟು ಉಣಿಸುತ್ತದೆ. ಬ್ಯಾಕ್ ಇಎಂಎಫ್ ಎನ್ನುವುದು ಇದಕ್ಕೇ. ಸ್ಟೇಷನ್ನಿಗೆ ತೆವಳುತ್ತ ಬಂದು ಡಬ್ಬಿಗೆ ಮೆಲ್ಲನೆ ತಾಗುವ ಎಂಜಿನ್ನಿನ ಸೊಗಸು ಇದರಿಂದ ಬರುತ್ತದೆ. ಇದನ್ನೂ ಕಣ್ಮುಚ್ಚಿ ಹೊಗಳಬೇಕಿಲ್ಲ: ಎರಡು ಎಂಜಿನ್ ಜೋಡಿಸಿದಾಗ ಎರಡೂ ತಮ್ಮ ತಮ್ಮ ವೇಗಕ್ಕೇ ಹಟ ಹಿಡಿದು ಜಗ್ಗಾಡುವುದುಂಟು.

ಇನ್ನು ಸದ್ದು. ಅದರ ಮೋಹ ನನಗೆ ಅರ್ಥವಾಗದ್ದೇನಲ್ಲ. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಹೃದಯ ಅಮೆರಿಕದ ಆಲ್ಕೋ 251. ಅಮೆರಿಕದ ಮಾದರಿಗಳಿಗೆಂದು ಮಾಡಿದ ಆಲ್ಕೋ ಧ್ವನಿ ಕೇಳಿದರೆ ಕೆ.ಆರ್. ಪುರಂ ಶೆಡ್ಡಿನ ಪಕ್ಕ ಬೆಳೆದವರ ಕಿವಿ ನಿಮಿರುವುದು ಸಹಜ. ಆದರೆ ಆ ಹದಿನಾರು ಸಿಲಿಂಡರಿನ ಗುಡುಗು ಹೊರಡಬೇಕಾದ್ದು ಎಲ್ಲಿಂದ? ಅಂಚೆಚೀಟಿಗಿಂತ ಚಿಕ್ಕದಾದ 11×15 ಮಿ.ಮೀ. ಸ್ಪೀಕರಿನಿಂದ. ಮಂದ್ರ ಸ್ವರ ಅದರಲ್ಲಿ ಹುಟ್ಟುವುದೇ ಇಲ್ಲ. ನಾಲ್ಕು ಎಂಜಿನ್ ಒಟ್ಟಿಗೆ ನಿಂತು ಗುರುಗುಟ್ಟಿದರೆ ಮನೆಮಂದಿ ಹತ್ತು ನಿಮಿಷದಲ್ಲಿ ‘ಅದನ್ನ ಆಫ್ ಮಾಡ್ರೀ’ ಎನ್ನುತ್ತಾರೆ. ಇಪ್ಪತ್ತೊಂಬತ್ತು ಫಂಕ್ಷನ್ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಬಹುಮಂದಿಯ ಬೆರಳು ಹೋಗುವುದು ದೀಪ ಮತ್ತು ಹಾರನ್ನಿಗೆ ಮಾತ್ರ.

ಅದೇ ದುಡ್ಡಿನಲ್ಲಿ ಸಾದಾ ಆದರೆ ಒಳ್ಳೆಯ ಡಿಕೋಡರ್ ಕೊಂಡು, ಜೊತೆಗೆ ಸ್ಟೇ-ಅಲೈವ್ ಕೆಪಾಸಿಟರ್ ಹಾಕಿಸಿ. ಕೊಳೆ ಹಿಡಿದ ಹಳಿಯ ಮೇಲೆ, ಪಾಯಿಂಟಿನ ಪ್ಲಾಸ್ಟಿಕ್ ತುಂಡಿನ ಮೇಲೆ ವಿದ್ಯುತ್ ಚಣ ತಪ್ಪಿದರೂ ಎಂಜಿನ್ ನಿಲ್ಲುವುದಿಲ್ಲ. ಸದ್ದಿನ ಆಸೆ ಆಮೇಲೂ ಉಳಿದಿದ್ದರೆ, ಸಾಕೆಟ್ ಇರುವ ಎಂಜಿನ್ನಿನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಕೆಲವೇ ನಿಮಿಷಗಳ ಕೆಲಸ, ಒಳಗೆ ಸ್ಪೀಕರಿಗೆ ಜಾಗ ಇರಬೇಕಷ್ಟೆ. ಕಿತ್ತದ್ದು ದಂಡವಾಗುವುದಿಲ್ಲ, ಮುಂದಿನ ಎಂಜಿನ್ನಿಗೆ ಆಗುತ್ತದೆ.