ಕೈಪಿಡಿಗೆ ಸಿಗದ ಗಿಡುಗ

ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ತಂದ ಪಕ್ಷಿ ಕೈಪಿಡಿಯನ್ನು ನಾನು ಮೆಚ್ಚುವುದು ಅದರ ಮಾತಿನ ಜಿಪುಣತನಕ್ಕೆ. ಚಿತ್ರದತ್ತ ಒಂದು ಗೆರೆ, ಜೊತೆಗೆ ನಾಲ್ಕು ಮಾತು, ಹಕ್ಕಿ ಗುರುತಾಯಿತು. ಆದರೆ ಅಮೆರಿಕದ ಹಿತ್ತಿಲಲ್ಲಿ, ಕಾಳು ತಿನ್ನಲು ಬಂದ ಗುಬ್ಬಿಗಳ ಮೇಲೆ ಎರಗುವ ಎರಡು ಪುಟ್ಟ ಗಿಡುಗಗಳ ಮುಂದೆ ಈ ಕ್ರಮ ತಡವರಿಸುತ್ತದೆ. ಶಾರ್ಪ್-ಶಿನ್ಡ್ ಗಿಡುಗದ ಬಾಲದ ತುದಿ ಚೌಕ, ಕೂಪರ್ಸ್‌ನದು ದುಂಡು ಎಂಬುದು ಎಲ್ಲರಿಗೂ ಬಾಯಿಪಾಠ. ಬಾಲ ಬಿಚ್ಚಿದರೆ ಚೌಕವೂ ದುಂಡಗೆ ಕಾಣುತ್ತದೆ! ಗಾತ್ರವನ್ನು ನಂಬೋಣವೆಂದರೆ ಎರಡರಲ್ಲೂ ಹೆಣ್ಣೇ ದೊಡ್ಡದು. ಸಣ್ಣ ಜಾತಿಯ ಹೆಣ್ಣು ದೊಡ್ಡ ಜಾತಿಯ ಗಂಡಿನ ಹತ್ತಿರಕ್ಕೆ ಬಂದುಬಿಡುತ್ತದೆ.

2000ನೇ ಇಸವಿಯಲ್ಲಿ ಬಂದ ಡೇವಿಡ್ ಸಿಬ್ಲಿಯ ಕೈಪಿಡಿ ಹೆಚ್ಚು ಪ್ರಾಮಾಣಿಕ ಅನ್ನಿಸುವುದು ಇಲ್ಲಿಯೇ. ಒಂದೇ ಹಕ್ಕಿಯನ್ನು ಎಳೆಯದಾಗಿ, ಬಲಿತದ್ದಾಗಿ, ಕೂತಾಗ, ಹಾರುವಾಗ ಬಿಡಿಸಿ, ನೋಡುವವರ ಕಣ್ಣನ್ನು ಪಳಗಿಸುತ್ತದೆ. ಪಟ್ಟಿಗೆ ಹೆಸರು ಸೇರಿಸುವ ಆತುರದವರಿಗೆ ಇದು ಬೇಸರ ತರಬಹುದು. ಬಲಿತ ಕೂಪರ್ಸ್‌ನ ಕಪ್ಪು ನೆತ್ತಿ ಮಸುಕು ಕತ್ತಿನ ಮೇಲೆ ಟೋಪಿ ಇಟ್ಟಂತೆ. ಶಾರ್ಪ್-ಶಿನ್ಡ್‌ನಲ್ಲಿ ಆ ಬಣ್ಣ ಬೆನ್ನಿನವರೆಗೂ ಇಳಿಯುತ್ತದೆ, ಕಾಲು ಕಡ್ಡಿಯಷ್ಟು ತೆಳು. ಎಳೆಯವಕ್ಕೆ ಈ ಟೋಪಿಯೂ ಇಲ್ಲ. ಅವುಗಳ ಎದೆಯ ಕಂದು ಗೆರೆ ಸಣ್ಣದೋ ದಪ್ಪವೋ ಎಂದು ನೋಡಬೇಕು, ಅದೂ ಹಕ್ಕಿ ಕೂತಿರುವಷ್ಟು ಹೊತ್ತಿನಲ್ಲಿ.